ಗಿರಣಿ ಕಾಕಾ ಪಂಪು ನಿಲ್ಲಿಸಿದ್ದು

ಗಿರಣಿ ಕಾಕಾ ಸೀನಿದರೆ ಹುಬ್ಬಿನಿಂದ ಹಿಟ್ಟು ಉದುರುತ್ತಿತ್ತು. ಬೆಳಿಗ್ಗೆ ಜೋಳದ ಬಿಳಿ, ಮಧ್ಯಾಹ್ನ ಮೆಣಸಿನಕಾಯಿಯ ಕೆಂಪು. ಎಂಬತ್ತರ ದಶಕದಲ್ಲಿ ಬೋರಗಾಂವದ ಶಾಲೆಗೆ ಶಿಕ್ಷಕಿಯಾಗಿ ಹೋದಾಗ ನಾನು ಬಾಡಿಗೆಗೆ ಇದ್ದದ್ದು ಅವರ ಎದುರು ಮನೆಯಲ್ಲಿ. ನಾನು ಏಳುವುದು ಐದಕ್ಕೆ, ಅವರು ಗಿರಣಿಯ ಇಂಜಿನ್ ಚಾಲೂ ಮಾಡುವುದೂ ಐದಕ್ಕೆ. ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು.

ಆ ಗಲ್ಲಿಗೆಲ್ಲ ಸಿಹಿನೀರಿನ ಬಾವಿ ಒಂದೇ, ಅದು ಅವರ ಹಿತ್ತಲಲ್ಲಿತ್ತು. ಒಂದು ಬೇಸಿಗೆ ಆ ನೀರಿನ ಮೇಲೆ ಕಾಮನಬಿಲ್ಲು ತೇಲಿತು. ಕಾಕಾ ನೆಲದಲ್ಲಿ ಹೂತಿಟ್ಟಿದ್ದ ಡೀಸೆಲ್ ಬ್ಯಾರಲ್ ಸೋರಿತ್ತು. ಹೆಂಗಸರು ಕೊಡ ಹೊತ್ತು ದೂರದ ಹೊಳೆಯ ದಾರಿ ಹಿಡಿದರು. ಕಾಕಾ ಬ್ಯಾರಲ್ ಕಿತ್ತು, ನೆನೆದ ಮಣ್ಣು ಸಾಗಿಸಿ, ಬಾವಿಗೆ ಪಂಪು ಕೂಡಿಸಿ, ನೀರನ್ನು ಊರಾಚೆಯ ಹಾಳು ಕಲ್ಲುಗಣಿಗೆ ಬಿಡತೊಡಗಿದರು.

"ಡೀಸೆಲ್ ತಗ್ಯಾಕ ಡೀಸೆಲ್ ಸುಡಾಕತ್ತೀನಿ, ಅಕ್ಕೋರ. ಹುಚ್ಚರ ಸಂತಿ!" ಎಂದು ತಾವೇ ನಗುತ್ತಿದ್ದರು. ಕೊಡ ಹೊತ್ತ ಹೆಂಗಸರು ಎದುರಾದರೆ ಮಾತ್ರ ನಗು ನಿಲ್ಲುತ್ತಿತ್ತು.

ಪಂಪು ನಿಲ್ಲಿಸುವುದು ಯಾವಾಗ? ಅದಕ್ಕೆ ಅವರೊಂದು ಪರೀಕ್ಷೆ ಹೂಡಿದರು. ಬಾವಿಯ ನೀರಲ್ಲೇ ಚಹಾ ಮಾಡಿಸಿ ಗಲ್ಲಿಯವರನ್ನು ಕರೆದರು. ನಮ್ಮ ಕಡೆ, ಕೊಟ್ಟ ಚಹಾಕ್ಕೆ ಹೆಸರಿಡುವ, ಅಂದರೆ ಕೊರತೆ ಹೇಳುವ, ಪದ್ಧತಿ ಇಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕುಡಿದು, "ಏಕ್‌ದಂ ಭಾರಿ, ಕಾಕಾ!" ಎಂದರು. ಪಂಪು ನಿಂತಿತು. ವಾರದೊಳಗೆ ಬಾವಿಯಲ್ಲಿ ನೀರೇರಿತು, ಕಾಮನಬಿಲ್ಲೂ ಏರಿತು.

"ಭಾರಿ ಐತಿ ಅಂದ್ರಲ್ಲೋ ಎಲ್ಲಾರೂ!" ಎಂದು ಕಾಕಾ ಕೂಗಿದರು.

ಪಕ್ಕದ ಮನೆಯ ಮಗ್ಗದವನು, "ಚಾ ಕೊಟ್ಟವ್ರಿಗೆ ಮತ್ತೇನ್ ಅನ್ನೂದ್ರಿ?" ಎಂದ.

ಕಾಕಾ ನನ್ನ ಕಡೆ ತಿರುಗಿದರು. "ಇಂಜಿನ್ ನಡಿಯೂತನಕ ಬಾವಿ ಶಾಣ್ಯಾ, ಅಕ್ಕೋರ. ಇನ್‌ಸ್ಪೆಕ್ಟರ್ ಸಾಹೇಬ್ರ ಮುಂದ ನಿಮ್ಮ ಹುಡುಗ್ರು ಇರ್ತಾರಲ್ಲ, ಹಂಗ. ಬಂದ್ ಮಾಡಿ, ಸುಮ್ನ ಬಿಟ್ಟು ಆಮ್ಯಾಲ ನೋಡಬೇಕು. ನಾಲಿಗಿನೂ ಬ್ಯಾರೇದ ಬೇಕು."

ಆ ನಾಲಿಗೆ ಅಥಣಿಯಲ್ಲಿತ್ತು. ಅವರ ಮಗಳ ಅತ್ತೆ. ಮದುವೆಯ ಊಟದಿಂದ ಹಿಡಿದು ಆ ಬೀಗತಿ ಯಾವುದನ್ನೂ ಹೊಗಳಿದವರಲ್ಲ. ಕೆಲವು ವಾರ ಪಂಪು ನಡೆಸಿ, ನಿಲ್ಲಿಸಿ, ಬಾವಿ ತುಂಬಿ ನಿಂತ ಮೇಲೆ ಕಾಕಾ ಅವರನ್ನು ಕರೆಸಿದರು. "ಇದ್ದ ಮರ್ಯಾದಿನೂ ಹೋತು" ಎಂದು ಕಾಕಾರ ಹೆಂಡತಿ ಕಾಕೂ ತಲೆಯ ಮೇಲೆ ಕೈಹೊತ್ತರು. ಬೀಗತಿ ಒಂದು ಗುಟುಕು ಕುಡಿದು ಚಹಾದ ಬಶಿ ಕೆಳಗಿಟ್ಟರು.

"ಇದನ್ನ ಲಾರಿಗೆ ಹಾಕ್ರಿ ಬೀಗರ, ಪುಣೆ ಮುಟ್ಟತೈತಿ."

ಕಾಕಾ ಕುಣಿಯುವುದೊಂದು ಬಾಕಿ. "ಖರೆ ಅಂದ್ರಿ, ಬೀಗತಿಯಾರ! ಪಂಪ್ ಚಾಲೂ!"

ಮಳೆಗಾಲ ಕಳೆದ ಮೇಲೆ ಮತ್ತೆ ಅದೇ ಏರ್ಪಾಟು. ಹೆಂಗಸರು ಕೊಡ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಬೀಗತಿ ಮೂಸಿದರು, ಕುಡಿದರು, ಮುಖ ಸಿಂಡರಿಸಿದರು.

"ಸಕ್ಕರಿ ಕಮ್ಮಿ ಆಗೇತಿ."

"ಮತ್ತ?"

"ಚಾಪುಡಿ ಹಳೇದು. ಹಾಲ ಸೀದೈತಿ."

"ನೀರು, ಬೀಗತಿಯಾರ? ನೀರು?"

"ನೀರಿಗೇನ್ ಆಗೇತ್ರಿ? ನೀರು ನೀರಿನಂಗ ಐತಿ."

ಅಂದೇ ಕಾಕಾ ಪಂಪು ಬಿಚ್ಚಿದರು. ಗಲ್ಲಿಯ ಕೊಡಗಳನ್ನು ತಾವೇ ಸೇದಿ ತುಂಬಿಸಿದರು. ಕಾಕೂ ಮಾತ್ರ ಆ ಚಾಪುಡಿಯ ಮಾತನ್ನು ಕೊನೆವರೆಗೂ ಮರೆಯಲಿಲ್ಲ.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಯಾರಾದರೂ ಚಹಾ ಹೇಗಿದೆ ಎಂದು ಕೇಳಿದರೆ, ಅವರನ್ನು ನೆನೆದು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ನನ್ನನ್ನು ಕರೆಯುವ ಮನೆಗಳು ಕಡಿಮೆಯಾಗಿವೆ. ಹೊಸದಾಗಿ ಬೋರು ಹಾಕಿಸಿದವರು ಮಾತ್ರ ತಪ್ಪದೆ ಕರೆಯುತ್ತಾರೆ.