ಅಡುಗೆಮನೆ ದಾಟದ ಮೀಟರು

ಸಂಜೆಯೊಳಗೆ ಕೇಬಲ್ ರಿಪೇರಿಯ ಮಂಟಯ್ಯನವರ ಕೆಲಸ ಹೋಗುತ್ತದೆ. ಬೆಳಗಿನಿಂದ ಇದೊಂದೇ ನನ್ನನ್ನು ಬಿಡುತ್ತಿಲ್ಲ. ಮಗುವಿಗೆ ಗಂಜಿ ತಿನ್ನಿಸುವಾಗಲೂ ಅದೇ. ದೂರು ಕೊಟ್ಟವಳು ನಾನೇ. ಹುಣಸೂರಿನ ನಮ್ಮ ಬೀದಿಗೆ ಕೇಬಲ್ ಇಂಟರ್ನೆಟ್ ಬಂದು ವರ್ಷವಾಗಿಲ್ಲ, ಆಗಲೇ ಮೂರನೇ ಸಲ, ಇವತ್ತು ಬೆಳಿಗ್ಗೆ, ಫೋನಿನಲ್ಲಿ ಕೂಗಾಡಿದೆ. “ಸಂಜೆಗೆ ಅವನ್ನ ಕೆಲಸದಿಂದ ತೆಗ್ದಾಕ್ತೀನಿ ಬುಡಿ ಮೇಡಂ” ಎಂದರು ಕೇಬಲ್ ಓನರ್ ಚೆಲುವರಾಜು.

ಮಂಟಯ್ಯನವರಿಗೆ ಐವತ್ತು ದಾಟಿದೆ. ಇಪ್ಪತ್ತು ವರ್ಷ ಬಿಳಿಕೆರೆ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಸೌದೆ ಒಟ್ಟಿದವರು. ಹೊಗೆಗೆ ಕಣ್ಣು ಕೆಟ್ಟ ಮೇಲೆ ಕೇಬಲ್ ಕಂಬ ಹತ್ತಿದರು. ಸಿಗ್ನಲ್ ಅಳೆಯುವ ಮೀಟರನ್ನು ಮೂಗಿನ ಹತ್ತಿರ ಹಿಡಿದು ಓದುತ್ತಾರೆ. “ಸಿಗ್ನಲ್ಲೂ ಬ್ಯಾರನ್ ಕಾವಿನಂಗೇ ಕಣವ್ವ. ಎಚ್ಚಾದ್ರೆ ಸೊಪ್ಪು ಸೀದೋಯ್ತದೆ, ಕಮ್ಮಿಯಾದ್ರೆ ಅಸಿಯಾಗೇ ಉಳೀತದೆ. ನಡುವೆ ನಿಲ್ಲುಸ್ಬೇಕು.”

ಮೊನ್ನೆ ಕಂಬದ ಬಳಿ ಮೀಟರಿಟ್ಟರು, ಸರಿಯಿತ್ತು. ನನ್ನ ಮೋಡೆಮ್ಮಿನ ಬಳಿ ಇಟ್ಟರು, ತೀರಾ ಕಡಿಮೆ.

“ನಡುವೆ ಏನೋ ಸಿಗ್ನಲ್ ಕುಡೀತಾದೆ ಕಣವ್ವ. ತಂತಿ ಅಡುಗೆಮನೆ ಮ್ಯಾಲಿಂದ ಬಂದದೆ. ಒಂದ್ಕಿತ ಒಳಗೆ ನೋಡ್ಲಾ?”

ಅತ್ತೆ ಸುನಂದಮ್ಮ ಬಾಗಿಲಿಗೆ ಅಡ್ಡ ನಿಂತರು. “ಅಡುಗೆಮನೆಗ್ಯಾಕಯ್ಯ? ನಿನ್ ತಂತಿ ಬೀದೀಲಿ ನೋಡ್ಕೋ ಓಗು.”

“ಆಗ್ಲಿ ಬುಡಿ ತಾಯಿ.” ಮೀಟರು ಚೀಲ ಸೇರಿತು.

ಅಡ್ಡ ಬಂದದ್ದು ಜಾತಿ ಎಂದು ಮೈಸೂರಿನಲ್ಲಿ ಓದಿದ ನನಗೆ ಗೊತ್ತಿತ್ತು, ಆದರೂ ಅವರನ್ನು ಒಳಗೆ ಕರೆಯಲಿಲ್ಲ. ಮನೆಯಲ್ಲೇ ಕೂತು ಆಸ್ಪತ್ರೆಯ ವರದಿ ಟೈಪು ಮಾಡಿ ಕಳಿಸುವ ನನ್ನ ಕೆಲಸ ಎರಡು ದಿನ ನಿಂತಿತು. ಆ ಸಿಟ್ಟನ್ನು ಮಂಟಯ್ಯನವರ ಮೇಲೆ ತೀರಿಸಿಕೊಂಡೆ.

ಇಂದು ಮಧ್ಯಾಹ್ನ ಅತ್ತೆ ತರಕಾರಿಗೆ ಹೋದಾಗ ತಂತಿ ಬಂದ ದಾರಿ ನೋಡಲು ಅಡುಗೆಮನೆಯಲ್ಲಿ ಸ್ಟೂಲು ಹತ್ತಿದೆ. ಕೆಳಗೆ ಮಗು ಸೆರಗು ಹಿಡಿದು ಅಳುತ್ತಿತ್ತು. ಉಪ್ಪಿನಕಾಯಿ ಭರಣಿಯ ಹಿಂದೆ ಬೆಂಕಿಪೊಟ್ಟಣದಷ್ಟು ಒಂದು ತಗಡಿನ ಡಬ್ಬಿ. ಬೀದಿಯ ತಂತಿ ಅದರೊಳಗೆ ಹೋಗಿ ನಾಲ್ಕು ಬಾಯಾಗಿತ್ತು: ಒಂದು ಅತ್ತೆಯ ಹೊಸ ಟೀವಿಗೆ, ಒಂದು ನನ್ನ ಮೋಡೆಮ್ಮಿಗೆ, ಎರಡು ಸುಮ್ಮನೆ ತೆರೆದುಕೊಂಡಿದ್ದವು. ಕಳೆದ ವಾರ ಟೀವಿ ಕೂರಿಸಿಕೊಟ್ಟ ಅತ್ತೆಯ ತಮ್ಮನ ಕೈಕೆಲಸ. ಟೀವಿ ಬಂದದ್ದು ಗೊತ್ತಿತ್ತು. ನನ್ನ ಸಿಗ್ನಲ್ಲು ನಾಲ್ಕು ಪಾಲಾಗಿದೆಯೆಂದು ಹೊಳೆದಿರಲಿಲ್ಲ. ಮೋಡೆಮ್ಮನ್ನು ಅಲ್ಲಿಗೇ ತಂದು ಬೀದಿಯ ತಂತಿಯನ್ನು ನೇರ ಸಿಕ್ಕಿಸಿದೆ. ಮಿಣುಕುತ್ತಿದ್ದ ದೀಪ ನಿಂತು ಉರಿಯಿತು.

ಅಷ್ಟರಲ್ಲಿ ಅತ್ತೆ ಬಂದರು. ಡಬ್ಬಿಯನ್ನೂ ನಾನು ಕೈಗೆತ್ತಿಕೊಂಡ ಫೋನನ್ನೂ ನೋಡಿದರು.

“ನಮ್ಮನೆ ವಿಷ್ಯ ಊರ್ಗೆಲ್ಲ ಯಾಕವ್ವ ಸಾರ್ತೀಯ? ಅವ್ನೋದ್ರೆ ಇನ್ನೊಬ್ಬ ಬತ್ತಾನೆ ಬುಡು.”

ಗಂಟೆ ನಾಲ್ಕೂವರೆ. ನಂಬರು ಒತ್ತಿದೆ. ರಿಂಗಾಯಿತು. ಅತ್ತೆ ಕದಲದೆ ನಿಂತಿದ್ದರು.

“ಚೆಲುವರಾಜು ಅವರಾ? ಮಂಟಯ್ಯನವ್ರನ್ನ ಕೆಲಸದಿಂದ ತೆಗೀಬೇಡಿ. ಅವ್ರು ಹೇಳಿದ್ದೇ ಸರಿ, ನಾವು ಒಳಗೆ ಬಿಡ್ಲಿಲ್ಲ… ಹೌದು, ನಮ್ಮನೇದೇ ತಪ್ಪು. ಅಲ್ಲೇ ಇದ್ದಾರಾ? ಸ್ವಲ್ಪ ಅವ್ರಿಗೇ ಕೊಡಿ ಫೋನು.”