ಉಣ್ಣೆ ಹಿಂಜುವ ಕೋಣೆಯ ಬೀಗ

ಹೋದ ವಾರ ಶಾಲಿನ ಅಂಚು ದೇವರ ದೀಪಕ್ಕೆ ತಾಗಿ ಸುಟ್ಟಿತು. ಕೂದಲು ಸುಟ್ಟಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೊಮ್ಮಸಂದ್ರದ ರಗ್ಗಿನ ಮಿಲ್ಲು, ಬೆಂಕಿಕಡ್ಡಿ ಹಿಡಿದ ದೊಡ್ಡಮ್ಮ ನೆನಪಾದರು...

ಎಂಬತ್ತರ ದಶಕದ ಮಾತು. ಮದುವೆಗೆ ಮುಂಚೆ ನಾನು ಅಲ್ಲಿ ರಗ್ಗುಗಳಿಗೆ ಅಂಚು ಹೊಲಿಯುತ್ತಿದ್ದೆ. ಮಿಲ್ಲಿನವರ ಮನೆಯ ಹಿರಿಯ ಸೊಸೆಯನ್ನು ಕೆಲಸದವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಅವರ ಮಾವ ಬೇಗೂರಿನಲ್ಲಿ ಮಗ್ಗ ಹಾಕಿ ಕಂಬಳಿ ನೇಯುತ್ತಿದ್ದವರು. ಮಕ್ಕಳು ಕೈಗೆ ಬಂದ ಮೇಲೆ ಬೊಮ್ಮಸಂದ್ರದಲ್ಲಿ ಶೆಡ್ ಕಟ್ಟಿ ಯಂತ್ರ ತಂದರು. ಗಂಡ ತೀರಿಕೊಂಡ ಮೇಲೆ ಉಣ್ಣೆ ಆರಿಸುವುದು, ತೊಳೆಸುವುದು ದೊಡ್ಡಮ್ಮನ ಪಾಲಿಗೆ ಬಂತು. ಯಂತ್ರ, ಮಾರಾಟ ಮೈದುನನ ಪಾಲಿಗೆ. ಪ್ರತಿ ರಗ್ಗಿಗೂ ‘ಅಪ್ಪಟ ಉಣ್ಣೆ’ ಎಂದು ಬರೆದ ಬಟ್ಟೆ ಚೀಟಿ ಹೊಲಿಯಲೇಬೇಕು. ಅದು ಮಾವನ ಕಾಲದ ಕಟ್ಟಳೆ.

ಒಂದು ಚಳಿಗಾಲ ಅಂಗಡಿಗಳಿಂದ ದೂರು ಬಂತು, ರಗ್ಗು ಮೊದಲಿನಷ್ಟು ಬೆಚ್ಚಗಿಲ್ಲ ಎಂದು. ತೊಳೆದ ಉಣ್ಣೆಯನ್ನು ಯಾರೋ ಸಾಗಿಸುತ್ತಿದ್ದಾರೆ ಎಂದು ದೊಡ್ಡಮ್ಮನಿಗೆ ನಮ್ಮ ಮೇಲೆ ಅನುಮಾನ. ಸಂಜೆ ಗೇಟಿನಲ್ಲಿ ಸ್ಟೂಲು ಹಾಕಿ ಕೂತು ನಮ್ಮ ಬ್ಯಾಗು, ಊಟದ ಡಬ್ಬಿ ಬಿಚ್ಚಿಸಿ ನೋಡುತ್ತಿದ್ದರು. ಬರಬರುತ್ತಾ ನಾವೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದೆವು. ಪಕ್ಕದವಳ ಸೀರೆ ನೆರಿಗೆ ದಪ್ಪಗೆ ಕಂಡರೂ ಸಂಶಯ.

ಒಂದು ದಿನ ತಡೆಯಲಾರದೆ ಕೇಳಿದೆ. “ನಾವ್ ಕಳ್ರ್ ಥರ ಕಾಣ್ತೀವಾ ದೊಡ್ಡಮ್ಮ?”

“ಕಳ್ರ್ ಥರ ಕಾಣೋರೇ ಕಳ್ರಾಗಿದ್ರೆ ನನ್ ಕೆಲ್ಸ ಸುಲಭ ಆಗ್ತಿತ್ತು ಕಣವ್ವ,” ಎಂದು ಡಬ್ಬಿ ಮುಚ್ಚಿ ಕೊಟ್ಟರು.

ಅದಾಗಿ ಸ್ವಲ್ಪ ದಿನಕ್ಕೆ, ಊಟದ ಹೊತ್ತಿನಲ್ಲಿ, ನನ್ನ ಹತ್ತಿರ ಬಂದು, ನಾನು ಅರ್ಧ ಹೊಲಿದಿಟ್ಟಿದ್ದ ರಗ್ಗಿನಿಂದ ಎಳೆ ಕಿತ್ತು ಕಡ್ಡಿ ಗೀರಿದರು. ಉಣ್ಣೆಯಾದರೆ ಸುಟ್ಟು ಪುಡಿಪುಡಿ ಬೂದಿಯಾಗಬೇಕು. ಇದು ಕರಗಿ, ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ ಮಣಿಯಾಯಿತು. ಅದನ್ನು ಉಗುರಿನಿಂದ ಒತ್ತಿ ನೋಡಿದವರು ನೇರ ಉಣ್ಣೆ ಹಿಂಜುವ ಕೋಣೆಯ ಕಡೆ ನಡೆದರು. ಧೂಳಿಗೆ ಅತ್ತಿಗೆಯ ಉಬ್ಬಸ ಹೆಚ್ಚುತ್ತದೆ ಎಂದು ಮೈದುನ ಅವರನ್ನು ಅಲ್ಲಿಗೆ ಬಿಡುತ್ತಲೇ ಇರಲಿಲ್ಲ. ತಾವೂ ತಮ್ಮ ಆಳುಗಳೂ ಹೊರಗೆ ಬಂದರೆ ಬಾಗಿಲಿಗೆ ಬೀಗ. ನಾವು ಕೆಲವರು ಹಿಂದೆಯೇ ಹೋದೆವು. ಬಾಗಿಲ ಬಳಿಯಿದ್ದ ಮೈದುನ ಅಡ್ಡ ನಿಂತರು.

“ಒಳಗೆಲ್ಲ ಧೂಳು ಅತ್ತಿಗೆ. ಬೇಡ.”

“ತೆಗಿ.”

ತೆಗೆದರು. ಉಣ್ಣೆಯ ರಾಶಿಗಿಂತ ಎತ್ತರಕ್ಕೆ ಹಳೇ ಸ್ವೆಟರು, ನೈಲಾನ್ ಚಿಂದಿಯ ಮೂಟೆಗಳು.

“ಎಲ್ರೂ ಹಿಂಗೇ ಮಾಡ್ತಾವ್ರೆ,” ಎಂದರು ಮೈದುನ, ತಲೆ ಎತ್ತದೆ. “ಬರೀ ಉಣ್ಣೆ ಅಂತ ಕೂತ್ರೆ ಮಿಲ್ಲೇ ನಿಲ್ಲಿಸ್ಬೇಕಾಗುತ್ತೆ ಅತ್ತಿಗೆ.”

“ನಿಲ್ಸು.”

ಮರುದಿನ ದೊಡ್ಡಮ್ಮ ನಮ್ಮ ಜೊತೆ ನೆಲದ ಮೇಲೆ ಕೂತು, ಸಿದ್ಧವಾಗಿದ್ದ ರಗ್ಗುಗಳ ಚೀಟಿಗಳನ್ನು ಬಿಚ್ಚಿದರು. ಕತ್ತರಿ ಕೊಟ್ಟರೆ ಬೇಡವೆಂದರು. ಹೊಲಿಗೆಯನ್ನು ಸೂಜಿಯಿಂದ ಮೆಲ್ಲಗೆ ಬಿಡಿಸುತ್ತಿದ್ದರು. ನಮ್ಮಲ್ಲಿ ಯಾರ ಮುಖವನ್ನೂ ನೋಡಲಿಲ್ಲ... ಮಿಲ್ಲು ಬೇಸಿಗೆಯವರೆಗೆ ಉಳಿಯಲಿಲ್ಲ. ಮನೆ ಎರಡಾಯಿತು, ಯಂತ್ರಗಳು ಲಾರಿ ಹತ್ತಿದವು. ನಾನು ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದಕ್ಕೆ ಸೇರಿಕೊಂಡೆ.

ಈಗ ಆ ಜಾಗದಲ್ಲಿ ಔಷಧಿ ಕಂಪನಿಯ ಕಾಂಪೌಂಡು. ದೊಡ್ಡಮ್ಮ ಬೇಗೂರಿನ ತಂಗಿಯ ಮನೆಯಲ್ಲಿ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ವರ್ಷವೇ ಕಳೆದಿತ್ತು. ಗೇಟಿನಲ್ಲಿ ನಮ್ಮನ್ನು ತಡೆಯುತ್ತಿದ್ದಾಗಲೇ ಅವರಿಗೆ ಮೈದುನನ ಮೇಲೆ ಗುಮಾನಿಯಿತ್ತೇ? ಸ್ವಂತದವರ ಕಡೆ ತಿರುಗಲು ಧೈರ್ಯ ಸಾಲದೆ ನಮ್ಮ ಬ್ಯಾಗು, ಡಬ್ಬಿ ತಡಕುತ್ತಿದ್ದರೇ? ಹಾಗೆಂದುಕೊಂಡಾಗ ಒಮ್ಮೊಮ್ಮೆ ಸಿಟ್ಟು ಬರುತ್ತದೆ, ಒಮ್ಮೊಮ್ಮೆ ಪಾಪ ಅನ್ನಿಸುತ್ತದೆ. ಹೌದೋ ಅಲ್ಲವೋ ಹೇಳಬೇಕಾದವರು ಈಗಿಲ್ಲ.