ಲಾರಿ ಸದ್ದಿನ ಕಾರು

ಗೆಳೆಯರೇ, ಇವತ್ತು ಅನುಗೊಂಡನಹಳ್ಳಿಯಲ್ಲಿ ನನ್ನ ಮಾನ ಹೋಯಿತು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಅಗ್ಗಕ್ಕೆ ಮಾರಿದ ಲಾರಿ ಎಂಜಿನ್ನೊಂದನ್ನು ಅಪ್ಪನ ಹಳೇ ಕಾರಿಗೆ ಕೂರಿಸಿದ್ದೆನಲ್ಲ, ಅದನ್ನು ಅಲ್ಲಿರುವ ಸೋದರತ್ತೆಗೆ ತೋರಿಸೋಣವೆಂದು ಜಂಬದಿಂದ ಹೊರಟೆ. ಸದ್ದು ಕೇಳಿ ಊರೇ ನೋಡಲು ಬರುತ್ತದೆ ಅಂದುಕೊಂಡಿದ್ದರೆ, ಎಲ್ಲರೂ ಬಾಗಿಲು ಹಾಕಿಕೊಂಡರು. ಮನೆಮನೆಯಿಂದ ಕಡ್ಡಾಯವಾಗಿ ರಾಗಿ ವಸೂಲಿ ಮಾಡುವ ಲೆವಿಯವರ ಸರ್ಕಾರಿ ಲಾರಿಯೇ ಬಂತೆಂದು ಅವರ ಭಯ. ಅತ್ತೆಯಂತೂ ಮನೆಯಲ್ಲಿದ್ದ ರಾಗಿಯನ್ನೆಲ್ಲ ಹಿತ್ತಲ ತಿಪ್ಪೆಗೆ ಸುರಿದು ಮುಚ್ಚಿಬಿಟ್ಟಿದ್ದರು.

ನನ್ನನ್ನು ಕಂಡು ಅಲ್ಲೇ ಕುಸಿದು ಕೂತರು. "ನೀನೇನ್ಲಾ! ಲೆವಿಯೋರು ಅನ್ಕೊಂಡ್ನಲ್ಲೋ!"

ನಾನು ತಿಪ್ಪೆಯಲ್ಲಿ ಕೂತು ರಾಗಿ ಬಾಚತೊಡಗಿದೆ.

"ಬಿಡ್ಲಾ, ತೊಳ್ಕೊಂಡ್ರಾಯ್ತು. ಒಳಗ್ಬಾ, ಹಸ್ದಿರ್ತೀಯ" ಅಂದರು. ಬಡಿಸಿದ ಮುದ್ದೆಯನ್ನು ತಲೆ ಎತ್ತದೆ ಉಂಡೆ.

ಹೊರಡುವಾಗ ಎಂಜಿನ್ ಶುರು ಮಾಡಲು ಧೈರ್ಯ ಸಾಲಲಿಲ್ಲ. ಅಷ್ಟು ಬಲದ ಕಾರನ್ನು ಅತ್ತೆಯ ಎತ್ತುಗಳೇ ಊರಾಚೆಗೆ ಎಳೆದುಬಿಟ್ಟವು.